ಉಲ್ಲೇಖದ ಎಣಿಕೆಯೂ ಓದಿನ ಋಣವೂ

ಶಿಕ್ಷಣಶಾಸ್ತ್ರದ ಸಂಶೋಧನ ಪತ್ರಿಕೆಗಳನ್ನು ಕುರಿತು ಈಚೆಗೆ ಒಂದು ಬಗೆಯ ಪ್ರಬಂಧ ಬಹಳವಾಗಿ ಹೊರಬರುತ್ತಿದೆ. ಪ್ರಬಂಧಕಾರರು ಒಂದು ಪತ್ರಿಕೆಯ ಹತ್ತು ವರ್ಷಗಳ ಸಂಚಿಕೆಗಳನ್ನು ಮುಂದಿಟ್ಟುಕೊಳ್ಳುತ್ತಾರೆ. ವರ್ಷಕ್ಕೆ ಎಷ್ಟು ಲೇಖನ ಬಂದವು, ಒಬ್ಬರೇ ಬರೆದವು ಎಷ್ಟು, ಇಬ್ಬರು ಮೂವರು ಕೂಡಿ ಬರೆದವು ಎಷ್ಟು, ಯಾವ ರಾಜ್ಯದವರು ಹೆಚ್ಚು ಬರೆದರು, ಲೇಖನಗಳ ಕೊನೆಯಲ್ಲಿ ಉಲ್ಲೇಖಿತವಾದ ಗ್ರಂಥಗಳೆಷ್ಟು, ಮುಂದೆ ಈ ಲೇಖನಗಳನ್ನು ಉಲ್ಲೇಖಿಸಿದವರು ಎಷ್ಟು ಮಂದಿ—ಇವೆಲ್ಲ ಕೋಷ್ಟಕಗಳಾಗಿ ನಿಲ್ಲುತ್ತವೆ. ಕೊನೆಗೆ, ಸಹಲೇಖನ ಹೆಚ್ಚುತ್ತಿದೆ, ಸಂಶೋಧನೆ ಪ್ರಗತಿಪಥದಲ್ಲಿದೆ ಎಂಬ ತೀರ್ಮಾನ. ಇಂಥ ಹಲವು ಪ್ರಬಂಧಗಳನ್ನು ನಾನು ಓದಿದ್ದೇನೆ. ಓದಿ ಮುಗಿಸಿದ ಮೇಲೆ ಪ್ರತಿ ಸಲವೂ ಒಂದು ಪ್ರಶ್ನೆ ಉಳಿಯುತ್ತದೆ: ಆ ಹತ್ತು ವರ್ಷಗಳಲ್ಲಿ ಪತ್ರಿಕೆ ಹೇಳಿದ್ದಾದರೂ ಏನು? ಪಂಕ್ತಿಯಲ್ಲಿ ಕುಳಿತವರ ತಲೆಯೆಣಿಕೆ ಆಯಿತು. ಅಡಿಗೆಯ ರುಚಿಯನ್ನು ಮಾತ್ರ ಯಾರೂ ಹೇಳಲಿಲ್ಲ.

ಎಣಿಕೆಯೇ ಕೂಡದೆಂಬುದು ನನ್ನ ವಾದವಲ್ಲ. ಈ ವಿದ್ಯೆ ನಮಗೆ ಪರಕೀಯವೂ ಅಲ್ಲ. ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು, ಗ್ರಂಥಾಲಯದ ಕೆಲಸಕ್ಕೆ ಗಣಿತವನ್ನು ಅನ್ವಯಿಸಬೇಕೆಂದು ೧೯೪೮ರಷ್ಟು ಹಿಂದೆಯೇ ಸೂಚಿಸಿ, ಅದಕ್ಕೊಂದು ಹೆಸರನ್ನೂ ಇಟ್ಟರು. ಆದರೆ ಅದೇ ರಂಗನಾಥನ್ ೧೯೩೧ರಲ್ಲಿ ಕೊಟ್ಟ ಪಂಚಸೂತ್ರಗಳಲ್ಲಿ ಮೊದಲನೆಯದು ಪುಸ್ತಕದ ಉಪಯೋಗಕ್ಕೆ ಸಂಬಂಧಿಸಿದ್ದು. ಮುಂದಿನವು ಓದುಗನಿಗೆ ಅವನ ಪುಸ್ತಕವೂ ಪುಸ್ತಕಕ್ಕೆ ಅದರ ಓದುಗನೂ ದೊರೆಯಬೇಕೆಂಬುವು. ಎಣಿಸಲು ಹೇಳಿದವರೇ, ಯಾರಿಗಾಗಿ ಎಣಿಸಬೇಕೆಂಬುದನ್ನು ಮೊದಲು ಹೇಳಿಟ್ಟಿದ್ದರು.

ಅಮೇರಿಕದ ಯೂಜೀನ್ ಗಾರ್ಫೀಲ್ಡ್ ಅವರ ಮಾತೂ ಇಂಥದೇ. ೧೯೫೫ರಲ್ಲಿ ಅವರು ಉಲ್ಲೇಖಸೂಚಿಯ ಕಲ್ಪನೆಯನ್ನು ಮುಂದಿಟ್ಟಾಗ, ಒಂದು ಲೇಖನವನ್ನು ಮುಂದೆ ಯಾರು ಬೆಳೆಸಿದರು, ಯಾರು ಟೀಕಿಸಿದರು ಎಂಬುದು ಓದುಗನಿಗೆ ತಿಳಿಯಲಿ ಎಂಬುದೇ ಅವರ ಉದ್ದೇಶವಾಗಿತ್ತು. ವಿಜ್ಞಾನದ ಮೊದಲ ದೊಡ್ಡ ಸೂಚಿ ೧೯೬೪ರಲ್ಲಿ ಅಚ್ಚಾಗಿ ಬಂತು. ಅದರ ಬೆನ್ನಿಗೆ ಪತ್ರಿಕೆಗಳ ಪ್ರಭಾವಾಂಕ ಹುಟ್ಟಿತು: ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕ. ಯಾವ ಪತ್ರಿಕೆಯನ್ನು ಆರಿಸಬೇಕು, ಯಾವುದನ್ನು ತರಿಸಬೇಕು ಎಂದು ನಿರ್ಣಯಿಸುವುದಕ್ಕೆ ಒದಗಿದ ಈ ಅಳತೆಗೋಲು, ಕಾಲಕ್ರಮದಲ್ಲಿ ಮನುಷ್ಯರನ್ನು ಅಳೆಯುವ ಗೋಲಾಯಿತು. ಧಾನ್ಯ ಅಳೆಯುವ ಸೇರಿನಿಂದ ರೈತನ ಯೋಗ್ಯತೆಯನ್ನು ಅಳೆದಂತೆ!

ನಮ್ಮ ದೇಶದಲ್ಲಿ ಇದರ ಪರಿಣಾಮ ಏನಾಯಿತೆಂಬುದು ಮುಚ್ಚಿದ ವಿಷಯವಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೧೦ರ ನಿಯಮಗಳಲ್ಲಿ ಅಧ್ಯಾಪಕರ ನೇಮಕಕ್ಕೂ ಬಡ್ತಿಗೂ ಪ್ರಕಟಣೆಗಳ ಅಂಕವನ್ನು ಜೋಡಿಸಿತು. ಅಂಕ ಬೇಕಾದ ಮೇಲೆ ಅಂಕ ಒದಗಿಸುವ ಅಂಗಡಿಗಳು ತೆರೆಯದೆ ಇರುತ್ತವೆಯೆ? ೨೦೧೮ರ ಮೇ ತಿಂಗಳಲ್ಲಿ ಆಯೋಗವೇ ತಾನು ಒಪ್ಪಿದ್ದ ಪಟ್ಟಿಯಿಂದ ೪,೩೦೫ ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ೨೦೧೯ರಲ್ಲಿ ಹೊಸ ಪಟ್ಟಿ ಬಂತು. ೨೦೨೫ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟು, ಪತ್ರಿಕೆಗಳ ಗುಣವನ್ನು ನಿರ್ಣಯಿಸುವ ಹೊಣೆಯನ್ನು ಆಯಾ ಸಂಸ್ಥೆಗಳಿಗೇ ಬಿಡಲಾಯಿತು. ಹದಿನೈದು ವರ್ಷ ಸುತ್ತಾಡಿ, ಓದಿ ನೋಡಿ ಹೇಳಿರೆಂಬ ಹಳೆಯ ಮಾತಿಗೇ ನಾವು ಮರಳಿದಂತಾಯಿತು.

ಇತರ ಶಾಸ್ತ್ರಗಳ ಮಾತು ಹೇಗೇ ಇರಲಿ, ಶಿಕ್ಷಣಶಾಸ್ತ್ರಕ್ಕೆ ಈ ಎಣಿಕೆ ವಿಶೇಷವಾಗಿ ಹೊಂದದು. ಭೌತವಿಜ್ಞಾನಿಯ ಲೇಖನವನ್ನು ಓದತಕ್ಕವನು ಇನ್ನೊಬ್ಬ ಭೌತವಿಜ್ಞಾನಿ. ಓದಿದರೆ ಅವನು ಉಲ್ಲೇಖಿಸುತ್ತಾನೆ. ಶಿಕ್ಷಣದ ಲೇಖನವನ್ನು ಓದಬೇಕಾದವರು ಶಾಲೆಯ ಮಾಸ್ತರರು. ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನ ಕಳ್ಳಕವಟಗಿಯನ್ನೇ ತೆಗೆದುಕೊಳ್ಳೋಣ. ಮಹಾರಾಷ್ಟ್ರದ ಗಡಿಯ ಕಡೆಗಿರುವ ಊರು. ಸುತ್ತಲೂ ಬರಗಾಲದ ನೆನಪು ಮಾಸದ ನೆಲ, ಈಚೆಗೆ ದ್ರಾಕ್ಷಿಯ ಬಳ್ಳಿ ಕಂಡ ಸೀಮೆ. ಮನೆಯಲ್ಲಿ ಒಂದು ನುಡಿ, ಸಂತೆಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮೂರನೆಯದು—ಇಂಥ ಗಡಿಸೀಮೆಯ ಮಗುವಿಗೆ ಓದು ಕಲಿಸುವುದು ಹೇಗೆ? ತಂದೆತಾಯಿ ಕಬ್ಬು ಕಡಿಯಲು ತಿಂಗಳುಗಟ್ಟಲೆ ಊರು ಬಿಟ್ಟಾಗ ತಪ್ಪಿದ ಪಾಠವನ್ನು ಕೂಡಿಸುವುದು ಹೇಗೆ? ಶಿಕ್ಷಣ ಸಂಶೋಧನೆಯ ಸಾಚಾ ಪ್ರಶ್ನೆಗಳು ಇವು. ಇಂಥದೊಂದು ಲೇಖನವನ್ನು ಓದಿ, ಅಲ್ಲಿಯ ಮಾಸ್ತರರೊಬ್ಬರು ಮರುದಿನ ಪಾಠದ ಕ್ರಮವನ್ನು ಬದಲಿಸಿದರೆನ್ನಿ. ಆ ಲೇಖನ ಸಾರ್ಥಕವಾಯಿತು. ಆದರೆ ಅದರ ಲೆಕ್ಕದಲ್ಲಿ ಸೊನ್ನೆಯೇ ಇರುತ್ತದೆ. ಏಕೆಂದರೆ ಮಾಸ್ತರರು ಪಾಠ ಹೇಳುತ್ತಾರೆ, ಅಡಿಟಿಪ್ಪಣಿ ಬರೆಯುವುದಿಲ್ಲ. ಮೇಲಾಗಿ ಲೋಕದ ದೊಡ್ಡ ಉಲ್ಲೇಖಸೂಚಿಗಳು ಬಹುಮಟ್ಟಿಗೆ ಇಂಗ್ಲಿಷ್ ಪತ್ರಿಕೆಗಳನ್ನೇ ಕಾಣುತ್ತವೆ. ಮಾಸ್ತರರಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆದ ಅಧ್ಯಾಪಕರು ಆ ಕಾರಣಕ್ಕಾಗಿಯೇ ಬಡ್ತಿಯಲ್ಲಿ ಹಿಂದೆ ಬೀಳಬಹುದು. ಇದು ಅನ್ಯಾಯವೆಂದು ಹೇಳದೆ ವಿಧಿಯಿಲ್ಲ.

ಎರಡು ವರ್ಷದ ಗಡುವಿನ ವಿಚಾರವೂ ಇದೆ. ಇದಕ್ಕೆ ವಿಜಯಪುರದಲ್ಲಿಯೇ ಒಂದು ನಿದರ್ಶನವಿದೆ. ೧೯೨೬ರಲ್ಲಿ ಆಲ್ಫ್ರೆಡ್ ಲೋಟ್ಕಾ ಎಂಬ ವಿದ್ವಾಂಸರು ಒಂದು ಸೂತ್ರವನ್ನು ಪ್ರಕಟಿಸಿದರು: ಯಾವ ಶಾಸ್ತ್ರದಲ್ಲಾದರೂ ಒಂದೇ ಲೇಖನ ಬರೆದು ಸುಮ್ಮನಾಗುವವರೇ ಬಹುಮಂದಿ, ಬಹಳ ಬರೆಯುವವರು ಬೆರಳೆಣಿಕೆಯವರು. ಮೇಲೆ ಹೇಳಿದ ಪ್ರಬಂಧಗಳಲ್ಲಿ ಈ ಸೂತ್ರದ ಪರೀಕ್ಷೆ ಆಗಾಗ ನಡೆಯುತ್ತದೆ. ಅದೇ ೧೯೨೬ರಲ್ಲಿ, ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದರು. ಅದಕ್ಕೆ ಮೊದಲೇ, ೧೯೨೩ರಲ್ಲಿ, ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂದಿತ್ತು. ಮುದ್ರಣದ ತೊಡಕನ್ನು ನೀಗಲು ಅವರು ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಹೂಡಿದರೆಂಬುದು ನಾಡಿಗೆ ತಿಳಿದ ಸಂಗತಿ. ಊರೂರು ಅಲೆದು ತಾಳೆಯ ಗರಿಗಳನ್ನು ಕೂಡಿಸಿ, ಓದಿ, ಪ್ರತಿಮಾಡಿ, ಮೊಳೆ ಜೋಡಿಸಿ ಅಚ್ಚುಹಾಕಿಸಿದ ಆ ಪತ್ರಿಕೆಯ ಮುಕ್ಕಾಲು ಭಾರ ಒಬ್ಬರದೇ. ಲೋಟ್ಕಾ ಸೂತ್ರ ಅಲ್ಲಿ ಕಾಲು ಮುರಿದುಕೊಂಡು ಬಿದ್ದೀತು!

ಎರಡು ವರ್ಷದ ಗೋಲಿನಿಂದ ೧೯೨೮ರಲ್ಲಿ ಅದನ್ನು ಅಳೆದಿದ್ದರೆ ಎಷ್ಟು ಅಂಕ ಬರುತ್ತಿತ್ತು? ಹೇಳುವಷ್ಟು ಬರುತ್ತಿರಲಿಲ್ಲವೆಂದು ನನ್ನ ನಂಬಿಕೆ. ಹಳಕಟ್ಟಿಯವರು ೧೯೬೪ರಲ್ಲಿ ತೀರಿಕೊಂಡರು. ಅವರು ತೋಡಿದ ಬಾವಿಯ ನೀರು ಹರಿದು ಹರಿದು, ೧೯೯೩ರಲ್ಲಿ ಸರಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳ ಹದಿನೈದು ಹೊತ್ತಗೆಗಳಲ್ಲಿ ತುಂಬಿ ನಿಂತಿತು. ಆ ಯೋಜನೆಯ ಪ್ರಧಾನ ಸಂಪಾದಕರಾದ ಎಂ. ಎಂ. ಕಲಬುರ್ಗಿಯವರೂ ಇದೇ ಜಿಲ್ಲೆಯವರು. ಇಂದು ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ ಅಕ್ಕಮಹಾದೇವಿಯ ಹೆಸರು ಹೊತ್ತಿದೆ. ಆಕೆಯ ಮಾತನ್ನು ಓಲೆಗರಿಯ ಕಟ್ಟಿನಿಂದ ಶಾಲೆಯ ಪಠ್ಯದವರೆಗೆ ತಂದ ಶ್ರಮದಲ್ಲಿ 'ಶಿವಾನುಭವ'ದ ಪಾಲೆಷ್ಟೆಂದು ಯಾವ ಸೂಚಿ ಹೇಳೀತು?

ಹಾಗೆಂದು ದೋಷವನ್ನೆಲ್ಲ ಪರದೇಶದ ಸೂಚಿಗಳ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳಲಾಗದು. ಅಲ್ಲಿ ಓದದೆ ಉಲ್ಲೇಖಿಸುವ ಚಾಳಿ ಇದ್ದರೆ, ಕನ್ನಡದಲ್ಲಿ ಓದಿಯೂ ಉಲ್ಲೇಖಿಸದ ಚಾಳಿ ಇದೆ. ಹಿರಿಯರ ಪಾಠವನ್ನು ಹಾಗೆಯೇ ಎತ್ತಿಕೊಳ್ಳುತ್ತೇವೆ. ಪೀಠಿಕೆಯಲ್ಲಿ ಒಂದು ನಮಸ್ಕಾರ, ಅಡಿಟಿಪ್ಪಣಿಯಲ್ಲಿ ಮೌನ. ಯಾವ ಸಂಚಿಕೆ, ಯಾವ ಪುಟ ಎಂದು ಬರೆಯಲು ನಮಗೆ ಬೇಸರ. ಉಲ್ಲೇಖವೆಂದರೆ ಅಲಂಕಾರವಲ್ಲ, ಪಡೆದ ಸಾಲಕ್ಕೆ ಬರೆದುಕೊಟ್ಟ ಪತ್ರ. ಓದುಗ ಆ ಪತ್ರ ಹಿಡಿದು ಮೂಲದ ಮನೆಗೆ ಹೋಗಿ, ನಾವು ಹೇಳಿದ್ದು ನಿಜವೋ ಸುಳ್ಳೋ ನೋಡಿಕೊಳ್ಳುತ್ತಾನೆ. ನಮ್ಮ ಋಣವನ್ನು ನಾವೇ ಬರೆದಿಡದೆ, ಲೋಕ ನಮ್ಮನ್ನು ಎಣಿಸಲಿಲ್ಲವೆಂದು ಗೊಣಗುವುದು ಸಲ್ಲದು.

ಈಗ ನಿರ್ಣಯದ ಹೊಣೆ ಸಂಸ್ಥೆಗಳಿಗೇ ಬಂದಿರುವುದರಿಂದ ಮೂರು ಮಾತುಗಳನ್ನು ಸೂಚಿಸಬಯಸುತ್ತೇನೆ. ಮೊದಲನೆಯದು, ನೇಮಕ ಬಡ್ತಿಗಳ ಸಮಿತಿಯವರು ಲೇಖನಗಳ ಸಂಖ್ಯೆ ಕೇಳುವ ಬದಲು, ಅಭ್ಯರ್ಥಿಯೇ ಆರಿಸಿಕೊಟ್ಟ ಎರಡು ಮೂರು ಲೇಖನಗಳನ್ನು ಓದಲಿ. ಅವು ಕನ್ನಡದಲ್ಲಿದ್ದರೆ ಕನ್ನಡ ಬಲ್ಲವರು ಓದಲಿ. ಎರಡನೆಯದು, ಕರ್ನಾಟಕದ ಶಾಲೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪ್ರತಿಯೊಂದು ಲೇಖನಕ್ಕೂ ಒಂದೆರಡು ಪುಟದ ಕನ್ನಡ ಸಾರ ಕಡ್ಡಾಯವಾಗಲಿ. ಯಾವ ಶಾಲೆಯಲ್ಲಿ ಅಂಕಿಸಂಖ್ಯೆ ಕೂಡಿಸಿದರೋ ಆ ಶಾಲೆಗೆ ಅದನ್ನು ಕಳಿಸಿಕೊಡಲಿ. ಮಕ್ಕಳಿಂದ ಉತ್ತರ ಪಡೆದು ಹೋದವರು ಫಲಿತಾಂಶವನ್ನು ಮರಳಿ ತಾರದಿರುವುದು ಸೌಜನ್ಯವಲ್ಲ. ಮೂರನೆಯದು, ಪತ್ರಿಕೆಗಳ ಎಣಿಕೆ ಮಾಡುವ ಪ್ರಬಂಧಕಾರರು ಕೋಷ್ಟಕಗಳ ಜತೆಗೆ, ಆ ಹತ್ತು ವರ್ಷದ ಲೇಖನಗಳಲ್ಲಿ ತಮಗೆ ಒಳ್ಳೆಯವೆನಿಸಿದ ಐದನ್ನು ಹೆಸರಿಸಿ, ಏಕೆ ಒಳ್ಳೆಯವೆಂದು ವಿವರಿಸಲಿ. ಹಾಗೆ ಹೇಳಬೇಕಾದರೆ ಓದಲೇಬೇಕಾಗುತ್ತದೆ.

ಇವು ಹೆಚ್ಚು ಹಣ ಬೇಡುವ ಸುಧಾರಣೆಗಳಲ್ಲ. ವೇಳೆಯನ್ನೂ ತಾಳ್ಮೆಯನ್ನೂ ಮಾತ್ರ ಬೇಡುವಂಥವು. ಪ್ರಾಧ್ಯಾಪಕರೂ ಪತ್ರಿಕೆಗಳ ಸಂಪಾದಕರೂ ಇವನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನನ್ನ ಅರಿಕೆ. ಮುಂದಿನ ಸಲ ಯಾವುದಾದರೊಂದು ಪತ್ರಿಕೆಯ ದಶಕದ ಲೆಕ್ಕ ಕೈಗೆ ಬಂದಾಗ, ಕಳ್ಳಕವಟಗಿಯ ಶಾಲೆಯಲ್ಲಿ ಅದನ್ನು ಯಾರಾದರೂ ಓದಿದರೆ ಎಂಬ ಪ್ರಶ್ನೆಗೂ ಅದರಲ್ಲಿ ಒಂದು ಉತ್ತರವಿರಲಿ.