ಪೀಟರ್ ಮೊಲವೂ ಸ್ವಭಾವೋಕ್ತಿಯೂ

ಸಾಕಿದ ಪ್ರಾಣಿಯ ಮೇಲಣ ಪ್ರೀತಿಯಿಂದ ಮಕ್ಕಳಿಗಾಗಿ ಪುಸ್ತಕ ಬರೆಯಲು ಹೊರಡುವವರು ಬಹುಮಂದಿ. ಆ ಪ್ರೀತಿಯೇ ಬರಹಕ್ಕೆ ಶತ್ರುವಾಗಬಲ್ಲದೆಂಬುದನ್ನು ಅರಿತವರು ವಿರಳ. ಮನೆಯ ಕರುವಾಗಲಿ ಗಿಳಿಯಾಗಲಿ ಸಾಕಿದವರ ಕಣ್ಣಿಗೆ ಸರ್ವಗುಣಸಂಪನ್ನವಾಗಿಯೇ ತೋರುವುದು. ಅದರ ಗುಣಕಥನವನ್ನು ಅರ್ಧ ಗಳಿಗೆ ಕೇಳಿದ ಅತಿಥಿಯು ಮೆಲ್ಲನೆ ಬಾಗಿಲ ಕಡೆಗೆ ನೋಡುವನು. ಈ ವಿಘ್ನವನ್ನು ದಾಟಿದ ಒಂದು ಪುಟ್ಟ ಗ್ರಂಥವು ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ (1866–1943) ಎಂಬಾಕೆಯ ‘ಪೀಟರ್ ಮೊಲದ ಕಥೆ’. ಮಾತೂ ಚಿತ್ರವೂ ಎರಡೂ ಆಕೆಯವೇ.

ಗ್ರಂಥದ ಉತ್ಪತ್ತಿಯು ಅಚ್ಚಿನ ಮನೆಯಲ್ಲಿ ಆದುದಲ್ಲ. ಆಕೆ ಲಂಡನಿನ ಮನೆಯಲ್ಲಿ ಪೀಟರ್ ಪೈಪರ್ ಎಂಬ ಮೊಲವನ್ನು ಸಾಕಿದ್ದಳು. 1893ರ ಸೆಪ್ಟೆಂಬರ್ 4ರಂದು ಸ್ಕಾಟ್ಲೆಂಡಿನಲ್ಲಿ ತಂಗಿದ್ದಾಗ, ತನಗೆ ಹಿಂದೆ ಪಾಠ ಹೇಳಿದ್ದವಳ ಮಗನಾದ ನೋಯೆಲ್ ಎಂಬ ಐದು ವರ್ಷದ ಬಾಲಕನು ಕಾಯಿಲೆ ಮಲಗಿರುವನೆಂದು ತಿಳಿದು, ಅವನ ವಿನೋದಕ್ಕಾಗಿ ಪತ್ರವೊಂದರಲ್ಲಿ ಈ ಕಥೆಯನ್ನು ರೇಖಾಚಿತ್ರಗಳೊಡನೆ ಬರೆದು ಕಳುಹಿದಳು. ಕೆಲವು ವರ್ಷಗಳ ತರುವಾಯ ಆ ಕಾಗದವನ್ನೇ ಹಿಂದಕ್ಕೆ ತರಿಸಿಕೊಂಡು ಕಥೆಯನ್ನು ಬೆಳೆಸಿದಳು. ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಒಲ್ಲೆನೆಂದರು. ಕಡೆಗೆ 1901ರ ಡಿಸೆಂಬರಿನಲ್ಲಿ ತನ್ನ ಖರ್ಚಿನಿಂದಲೇ 250 ಪ್ರತಿಗಳನ್ನು ಅಚ್ಚು ಹಾಕಿಸಿದಳು. 1902ರಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆಯು ಬಣ್ಣದ ಚಿತ್ರಗಳೊಡನೆ ಅದನ್ನು ಪ್ರಕಟಿಸಿತು. ಬೊಗಸೆಯಲ್ಲಿ ಅಡಗುವಷ್ಟು ಚಿಕ್ಕ ಆಕಾರವು ಆಕೆಯದೇ ಹಟ. ಮಗುವಿನ ಕೈಗೆ ಪುಸ್ತಕವು ಭಾರವಾಗಬಾರದು. ಅಟ್ಟದ ಮೇಲೆ ಇಡುವುದಕ್ಕೇ ಯೋಗ್ಯವಾದ ದಪ್ಪ ಬಾಲಗ್ರಂಥಗಳನ್ನು ಕಂಡವರಿಗೆ ಈ ವಿವೇಕದ ಬೆಲೆ ತಿಳಿಯುವುದು.

ಪೀಟರ್ ಪೈಪರ್ 1901ರ ಜನವರಿಯಲ್ಲೇ ಸತ್ತಿತ್ತು. ಗ್ರಂಥದ ತನ್ನ ಸ್ವಂತ ಪ್ರತಿಯಲ್ಲಿ ಆಕೆ ಅದಕ್ಕೆ ಸ್ಮರಣೆಯ ಕೆಲವು ಸಾಲುಗಳನ್ನು ಬರೆದಿಟ್ಟಳು. ಆ ಮೊಲದ ಬುದ್ಧಿಗೆ ಎಲ್ಲೆಯಿತ್ತೆಂದೂ ಹೊರಗಣ ರೂಪದಲ್ಲಿ ಕುಂದಿತ್ತೆಂದೂ ಒಪ್ಪಿಕೊಂಡು, ಅದರ ಸೌಮ್ಯಸ್ವಭಾವವನ್ನು ಮಾತ್ರ ಕೊಂಡಾಡಿದ್ದಾಳೆ. ಶೋಕದ ನಡುವೆಯೂ ಕಣ್ಣು ಮಂಜಾಗಿಲ್ಲ. ಈ ಕಣ್ಣು ಬಾಲ್ಯದಲ್ಲೇ ಪಳಗಿದ್ದು. ಆಕೆಯೂ ಆಕೆಯ ತಮ್ಮನೂ ಸತ್ತ ಪ್ರಾಣಿಗಳನ್ನು ಕುದಿಸಿ ಎಲುಬುಗಳ ಜೋಡಣೆಯನ್ನು ನೋಡಿ ಕಲಿತವರು. ಮಡಿವಂತರು ಮೂಗು ಮುಚ್ಚಿಕೊಳ್ಳಬಹುದು. ಆದರೆ ಚಿತ್ರದಲ್ಲಿ ನೀಲಿ ಅಂಗಿಯ ಒಳಗೆ ಮೊಲದ ಬೆನ್ನು ಬಾಗುವ ಪರಿಯನ್ನೂ ಹಿಂಗಾಲು ಮಡಿಯುವ ಪರಿಯನ್ನೂ ನೋಡಿದರೆ ಆ ವಿದ್ಯೆ ವ್ಯರ್ಥವಾಗಲಿಲ್ಲವೆಂದು ಒಪ್ಪಲೇಬೇಕು.

ಕಥೆ ಸ್ವಲ್ಪ. ತಾಯಿಯ ಮಾತು ಮೀರಿದ ಪೀಟರನು ಮೆಕ್‌ಗ್ರೆಗರನ ಕಾಯಿಪಲ್ಯದ ತೋಟಕ್ಕೆ ನುಗ್ಗಿ, ಹೊಟ್ಟೆ ಕೆಡುವಷ್ಟು ತಿಂದು, ತೋಟಗಾರನ ಕಣ್ಣಿಗೆ ಬಿದ್ದು ಓಡುವನು. ಒಂದು ಪಾದರಕ್ಷೆ ಕೋಸಿನ ಪಾತಿಯಲ್ಲಿ ಬಿತ್ತು, ಇನ್ನೊಂದು ಆಲೂಗೆಡ್ಡೆಯ ನಡುವೆ. ಆಗ ಅವನು ನಾಲ್ಕು ಕಾಲಿನ ಮೇಲೆ ಓಡತೊಡಗಿದನು, ವೇಗವೂ ಹೆಚ್ಚಿತು. ಮುಂದೆ ಗೂಸ್‌ಬೆರಿ ಗಿಡಗಳಿಗೆ ಹೊದಿಸಿದ್ದ ಬಲೆಗೆ ಅಂಗಿಯ ಹಿತ್ತಾಳೆಯ ಗುಂಡಿಗಳು ಸಿಕ್ಕಿಕೊಂಡವು. ಅಂಗಿಯನ್ನು ಅಲ್ಲಿಯೇ ಕಳಚಿ ನುಸುಳಿದುದರಿಂದ ಪ್ರಾಣ ಉಳಿಯಿತು. ಗ್ರಂಥದ ಮರ್ಮವೆಲ್ಲ ಇಲ್ಲಿದೆ. ಉಡುಪು ಇರುವವರೆಗೆ ಅವನು ತುಂಟ ಬಾಲಕ. ಉಡುಪು ಹೋದ ಕ್ಷಣವೇ ಮೊಲ. ಉಳಿಸಿದ್ದು ಮೊಲತನವೇ.

ನಮ್ಮ ಪಂಚತಂತ್ರದ ಮೃಗಗಳ ರೀತಿ ಬೇರೆ. ವಿಷ್ಣುಶರ್ಮನಲ್ಲಾಗಲಿ ಕನ್ನಡದ ದುರ್ಗಸಿಂಹನಲ್ಲಾಗಲಿ ನರಿಯು ನೀತಿಶಾಸ್ತ್ರವನ್ನು ಓದಿದ ಮಂತ್ರಿ, ಬಾಲವು ನೆಪಮಾತ್ರ. ಅದು ಕುಂದಲ್ಲ, ಆ ಕಾವ್ಯದ ಉದ್ದೇಶವೇ ಅದು. ಪಾಟರಳದಕ್ಕೆ ಹತ್ತಿರವಾದುದನ್ನು ಹುಡುಕಬೇಕಾದರೆ ಕಾಳಿದಾಸನ ಬಳಿಗೆ ಹೋಗಬೇಕು. ಶಾಕುಂತಲದ ಮೊದಲನೆಯ ಅಂಕದಲ್ಲಿ ರಥದ ಮುಂದೆ ಕೊರಳು ತಿರುಗಿಸಿ ನೋಡುತ್ತ ಓಡುವ ಜಿಂಕೆಯು ಯಾವ ನೀತಿಯನ್ನೂ ಹೇಳುವುದಿಲ್ಲ. ಭಯಪಟ್ಟ ಜಿಂಕೆಯಾಗಿದೆ, ಅಷ್ಟೆ. ದಂಡಿಯು ಇಂಥದನ್ನು ಸ್ವಭಾವೋಕ್ತಿಯೆಂದು ಹೆಸರಿಸಿ ಅಲಂಕಾರಗಳಲ್ಲಿ ಮೊದಲನೆಯ ಸ್ಥಾನ ಕೊಟ್ಟನು. ಕುಂತಕನು ಇದನ್ನು ಒಪ್ಪಲಿಲ್ಲ: ಸ್ವಭಾವವು ಅಲಂಕರಿಸಲ್ಪಡುವ ಶರೀರ, ಅದನ್ನೇ ಅಲಂಕಾರವೆಂದರೆ ಅಲಂಕರಿಸುವುದು ಯಾವುದನ್ನು? ಈ ಹಳೆಯ ವಿವಾದವು ಪಾಟರಳ ಪುಟದಲ್ಲಿ ಬಲು ವಿನೋದವಾಗಿ ತೀರುವುದು. ಅಲ್ಲಿ ಅಲಂಕಾರವು ನಿಜವಾಗಿಯೂ ಒಂದು ಅಂಗಿ, ಬಲೆಗೆ ಸಿಕ್ಕಿಕೊಂಡಿತು, ಶರೀರವು ಓಡಿಹೋಯಿತು. ತೀರ್ಪು ಕುಂತಕನ ಕಡೆಗೆ.

ಕಥೆಯ ಕಡೆಯಲ್ಲಿ ತಾಯಿಯು ಬುದ್ಧಿವಾದ ಹೇಳುವುದಿಲ್ಲ. ಹದಿನೈದು ದಿನದಲ್ಲಿ ಎರಡನೆಯ ಅಂಗಿ ಕಳೆದನಲ್ಲಾ ಎಂಬ ಚಿಂತೆಯೇ ಆಕೆಗೆ ಹೆಚ್ಚು. ಮಗನಿಗೆ ಕ್ಯಾಮೊಮೈಲ್ ಹೂವಿನ ಕಷಾಯ ಕುಡಿಸಿ ಮಲಗಿಸುವಳು. ಪಾಠಪುಸ್ತಕದ ಪ್ರತಿಯೊಂದು ಕಥೆಗೂ ಬಾಲದಂತೆ ನೀತಿಯನ್ನು ಕಟ್ಟುವ ಉಪಾಧ್ಯಾಯವರ್ಗಕ್ಕೆ ಇದು ಹಿಡಿಸಲಾರದು.

ಕೊರತೆಗಳೂ ಉಂಟು. ಮೊಲವನ್ನು ಬಲ್ಲ ಕುಂಚವು ಮನುಷ್ಯನ ಮುಂದೆ ತಡವರಿಸುವುದು. ಮೆಕ್‌ಗ್ರೆಗರನು ಗಡ್ಡವುಳ್ಳ ಬೆದರುಬೊಂಬೆಯಂತೆ ಇದ್ದಾನೆ. ಪೀಟರನ ತಂದೆಯು ಆ ಮನೆಯಲ್ಲಿ ಭಕ್ಷ್ಯವಾಗಿ ಬೆಂದುಹೋದನೆಂದು ತಾಯಿಯು ಮೊದಲಲ್ಲಿಯೇ ತಣ್ಣಗೆ ಹೇಳುವಳು. ಮೆಕ್‌ಗ್ರೆಗರನ ಹೆಂಡತಿಯು ಆ ಭಕ್ಷ್ಯವನ್ನು ಬಡಿಸುವ ಚಿತ್ರವೂ ಮೊದಲ ಮುದ್ರಣದಲ್ಲಿತ್ತು. ಬಳಿಕ ಅದನ್ನು ಬಿಟ್ಟರು. ಒಳ್ಳೆಯದೇ ಆಯಿತು. ಮಾತು ಹಾಗೆಯೇ ಉಳಿಯಿತು. ಅದನ್ನು ತೆಗೆದಿದ್ದರೆ ಓಟಕ್ಕೆ ಕಾರಣವೇ ಇರುತ್ತಿರಲಿಲ್ಲ. ಮುದ್ದಿನ ಪ್ರಾಣಿಯ ಕಥೆಯಲ್ಲಿ ಮರಣದ ಹೆಸರೆತ್ತುವ ಧೈರ್ಯ ಅಪರೂಪ.

1905ರ ‘ಟಿಗ್ಗಿ-ವಿಂಕಲ್’ ಕಥೆಯಲ್ಲಿ ಇದೇ ಉಪಾಯವು ಇನ್ನೂ ಪಕ್ವವಾಗಿದೆ. ಹೆಜ್‌ಹಾಗ್ ಎಂಬ ಸಣ್ಣ ಮುಳ್ಳುಪ್ರಾಣಿಯೂ ಆಕೆಯ ಸಾಕಣೆಯದೇ; ಚಿತ್ರಕ್ಕಾಗಿ ಬಹಳ ಹೊತ್ತು ನಿಲ್ಲಿಸಿದರೆ ಆಕಳಿಸಿ ಕಚ್ಚುತ್ತಿತ್ತಂತೆ. ಕಥೆಯಲ್ಲಿ ಅದು ಟೋಪಿ ಹಾಕಿಕೊಂಡ ಅಗಸಗಿತ್ತಿ. ಲೂಸಿ ಎಂಬ ಬಾಲಿಕೆಯು ಒಗೆದ ತನ್ನ ಕರವಸ್ತ್ರಗಳನ್ನು ಪಡೆದು, ವಂದನೆ ಹೇಳಲೆಂದು ಹಿಂದಿರುಗಿ ನೋಡಿದರೆ, ಟೋಪಿಯೂ ಇಲ್ಲ, ಲಂಗವೂ ಇಲ್ಲ. ಕಂದುಬಣ್ಣದ ಮುಳ್ಳುಪ್ರಾಣಿಯೊಂದು ಗುಡ್ಡವನ್ನು ಹತ್ತಿ ಓಡುತ್ತಿದೆ. ಅದು ಬಾಲಿಕೆಯ ಕನಸೆಂದು ಕೆಲವರು ಹೇಳುವರಾದರೂ ತನಗೆ ಆ ಅಗಸಗಿತ್ತಿಯ ಪರಿಚಯ ಚೆನ್ನಾಗಿ ಉಂಟೆಂದು ಗ್ರಂಥಕರ್ತ್ರಿಯು ಮುಗಿಸುವಳು. ಅದೇನೂ ಕಲ್ಪನೆಯ ಮಾತಲ್ಲ. ಆ ಪ್ರಾಣಿಯು ಆಕೆಯ ತೊಡೆಯ ಮೇಲೆ ಮಲಗಿ ನಿದ್ರಿಸಿದುದೇ.