ದೂರು ಯಾರ ಮೇಜಿನ ಮೇಲೆ ಬೀಳುತ್ತೆ?

‘ಸ್ಪಾಟ್‌ಲೈಟ್’ ಸಿನಿಮಾವನ್ನು ಎಲ್ಲರೂ ಪತ್ರಕರ್ತರ ಸಿನಿಮಾ ಅಂತ ಹೊಗಳುತ್ತಾರೆ. ಟಾಮ್ ಮೆಕಾರ್ಥಿ ನಿರ್ದೇಶನದ ಈ ಚಿತ್ರ 2015ರಲ್ಲಿ ಬಂತು, ಮರುವರ್ಷ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆಯಿತು. ಮಕ್ಕಳ ಮೇಲೆ ಪಾದ್ರಿಗಳು ನಡೆಸಿದ ಲೈಂಗಿಕ ದೌರ್ಜನ್ಯವನ್ನು, ಅದನ್ನು ಆರ್ಚ್‌ಬಿಷಪ್ ಕಚೇರಿ ದಶಕಗಳ ಕಾಲ ಮುಚ್ಚಿಟ್ಟಿದ್ದನ್ನು ‘ಬಾಸ್ಟನ್ ಗ್ಲೋಬ್’ ಪತ್ರಿಕೆಯ ಸಣ್ಣದೊಂದು ತಂಡ ಬಯಲಿಗೆಳೆದ ನಿಜ ಕತೆ ಅದು. ಹೊಗಳಿಕೆ ಸರಿಯೇ. ನನ್ನ ತಕರಾರು ಇರೋದು ಅದು ಮುಗಿಯುವ ಜಾಗದ ಬಗ್ಗೆ.

ಮೊದಲು, ಅದು ಏನನ್ನು ಸರಿಯಾಗಿ ಹಿಡಿದಿದೆ ಅನ್ನೋದನ್ನು ಹೇಳಿಬಿಡುತ್ತೇನೆ. ಇಡೀ ಚಿತ್ರದಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ ದೃಶ್ಯದಲ್ಲಿ ಹಿಂಸೆಯೇ ಇಲ್ಲ. ವರದಿಗಾರರು ಚರ್ಚಿನ ವಾರ್ಷಿಕ ಡೈರೆಕ್ಟರಿಗಳನ್ನು ಗುಡ್ಡೆ ಹಾಕಿಕೊಂಡು, ಒಂದೊಂದೇ ಸಾಲಿನ ಮೇಲೆ ಕಣ್ಣಾಡಿಸುತ್ತಾ ಹೋಗುತ್ತಾರೆ. ಕೆಲವು ಹೆಸರುಗಳ ಮುಂದೆ ‘ಅನಾರೋಗ್ಯ ರಜೆ’, ಇನ್ನು ಕೆಲವದರ ಮುಂದೆ ‘ನೇಮಕವಾಗಿಲ್ಲ’ ಅಂತ ಇರುತ್ತೆ. ಮುಂದಿನ ವರ್ಷ ಅದೇ ಪಾದ್ರಿ ಬೇರೊಂದು ಚರ್ಚಿನಲ್ಲಿ ಪ್ರತ್ಯಕ್ಷ. ಅಪರಾಧ ಅಡಗಿದ್ದು ಯಾವುದೋ ರಹಸ್ಯ ಕೋಣೆಯಲ್ಲಲ್ಲ, ಅಚ್ಚಾದ ಪುಸ್ತಕದಲ್ಲಿ, ಸಭ್ಯವಾದ ಆಡಳಿತದ ಭಾಷೆಯಲ್ಲಿ. ಒಬ್ಬಿಬ್ಬರು ಕೆಟ್ಟ ಪಾದ್ರಿಗಳ ಕತೆ ಬೇಡ, ಇಡೀ ವ್ಯವಸ್ಥೆಯನ್ನು ಹಿಡಿಯಿರಿ ಎಂದು ಸಂಪಾದಕ ಹಟ ಹಿಡಿಯೋದು ಅದಕ್ಕೇ.

ಆದರೆ ಚಿತ್ರ ಮುಗಿಯೋದು 2002ರ ಜನವರಿಯಲ್ಲಿ. ವರದಿ ಪ್ರಕಟವಾಗುತ್ತೆ, ಕಚೇರಿಯ ಫೋನುಗಳು ಒಂದೇ ಸಮನೆ ಹೊಡೆದುಕೊಳ್ಳುತ್ತವೆ, ಪರದೆ ಕಪ್ಪಾಗುತ್ತೆ. ಸತ್ಯ ಹೊರಬಿತ್ತು, ಇನ್ನು ಎಲ್ಲ ಸರಿಹೋಗುತ್ತೆ ಅಂತ ನಾವು ಸಮಾಧಾನದಿಂದ ಎದ್ದು ಹೋಗುತ್ತೇವೆ. ಹೋಯಿತಾ? ಅದನ್ನು ತಿಳಿಯೋಕೆ ಅದೇ ವರ್ಷದ ಇನ್ನೊಂದು ಬರಹವನ್ನು ಓದಬೇಕು. 2002ರ ಜೂನ್‌ನಲ್ಲಿ ಅಮೆರಿಕದ ಬಿಷಪ್‌ಗಳು ಡಲ್ಲಾಸ್‌ನಲ್ಲಿ ಸೇರಿ, ಮಕ್ಕಳ ರಕ್ಷಣೆಗೆಂದು ಒಂದು ಸನ್ನದನ್ನು ಒಪ್ಪಿಕೊಂಡರು. ‘ಡಲ್ಲಾಸ್ ಚಾರ್ಟರ್’ ಅಂತಲೇ ಅದು ಪ್ರಸಿದ್ಧ.

ಓದಿದರೆ ಮೆಚ್ಚುವಂಥ ಅಂಶಗಳು ಬಹಳ ಇವೆ. ಒಂದೇ ಒಂದು ದೌರ್ಜನ್ಯ ಸಾಬೀತಾದರೂ ಆ ಪಾದ್ರಿಗೆ ಮತ್ತೆಂದೂ ಸೇವೆ ಇಲ್ಲ. ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ತಪಾಸಣೆ ಆಗಬೇಕು. ದೊಡ್ಡವರಿಗೂ ಮಕ್ಕಳಿಗೂ ತರಬೇತಿ ಕೊಡಬೇಕು. ಅಪ್ರಾಪ್ತರ ಮೇಲಿನ ದೌರ್ಜನ್ಯದ ಆರೋಪವನ್ನು ಸರ್ಕಾರಿ ಅಧಿಕಾರಿಗಳಿಗೆ ತಿಳಿಸಬೇಕು. ಪ್ರತಿ ಧರ್ಮಪ್ರಾಂತ್ಯದಲ್ಲೂ ಒಂದು ಪರಿಶೀಲನಾ ಮಂಡಳಿ ಇರಬೇಕು, ಅದರಲ್ಲಿ ಹೆಚ್ಚಿನವರು ಚರ್ಚಿನ ಸಂಬಳ ತಗೊಳ್ಳದ ಸಾಮಾನ್ಯ ಭಕ್ತರಾಗಿರಬೇಕು. ಸಂತ್ರಸ್ತರು ತಾವಾಗಿ ಕೇಳದ ಹೊರತು ಬಾಯಿ ಮುಚ್ಚಿಸುವ ಗುಪ್ತ ಒಪ್ಪಂದಗಳು ಇರಬಾರದು. ಇದೆಲ್ಲ ಬರೀ ಕಾಗದ ಅಂತ ತಳ್ಳಿಹಾಕೋದು ಅನ್ಯಾಯ. ಹಿಂದೆ ಇಷ್ಟೂ ಇರಲಿಲ್ಲ. ಜಾನ್ ಜೇ ಕಾಲೇಜಿನ 2004ರ ಅಧ್ಯಯನದ ಪ್ರಕಾರ 1950ರಿಂದ 2002ರವರೆಗೆ ಆರೋಪ ಬಂದದ್ದು 4,392 ಪಾದ್ರಿಗಳ ಮೇಲೆ. ಅಂದರೆ ಆ ಅವಧಿಯಲ್ಲಿ ಸೇವೆಯಲ್ಲಿದ್ದವರಲ್ಲಿ ಸುಮಾರು ನೂರಕ್ಕೆ ನಾಲ್ವರ ಮೇಲೆ.

ಸ್ವಲ್ಪ ತಡೆದು ಇನ್ನೊಮ್ಮೆ ಓದಿ. ಸನ್ನದು ಪಾದ್ರಿಗಳ ಬಗ್ಗೆ ಮಾತಾಡುತ್ತೆ, ಡೀಕನ್‌ಗಳ ಬಗ್ಗೆ ಮಾತಾಡುತ್ತೆ. ಬಿಷಪ್ ತಪ್ಪು ಮಾಡಿದರೆ ಏನು? ಅದಕ್ಕೆ ಶಿಕ್ಷೆ ಇಲ್ಲ. ಪರಿಶೀಲನಾ ಮಂಡಳಿ ಯಾರಿಗೆ ಸಲಹೆ ಕೊಡೋದು? ಬಿಷಪ್‌ಗೆ. ಸದಸ್ಯರನ್ನು ನೇಮಿಸೋದು? ಅದೂ ಅವರೇ. ಬಾಸ್ಟನ್‌ನಲ್ಲಿ ಪಾದ್ರಿಗಳನ್ನು ಚರ್ಚಿನಿಂದ ಚರ್ಚಿಗೆ ಎತ್ತಿಹಾಕುತ್ತಿದ್ದದ್ದು ಯಾವ ಮೇಜೋ, ಹೊಸ ವ್ಯವಸ್ಥೆಯಲ್ಲೂ ದೂರು ಹಾದು ಹೋಗಬೇಕಾದ್ದು ಅದೇ ಮೇಜಿನಿಂದ.

ಇದರ ಅರ್ಥ ಏನು ಅನ್ನೋದಕ್ಕೆ ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿ–ಸೇಂಟ್ ಜೋಸೆಫ್ ಧರ್ಮಪ್ರಾಂತ್ಯವನ್ನು ನೋಡಿ. ಹಳೆಯ ದೌರ್ಜನ್ಯ ಪ್ರಕರಣಗಳಲ್ಲಿ ಅದು 2008ರಲ್ಲಿ 1 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತ್ತು, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ ಅಂತ ಲಿಖಿತ ಮಾತೂ ಕೊಟ್ಟಿತ್ತು. ನೀತಿ ಇತ್ತು, ಮಂಡಳಿ ಇತ್ತು. 2010ರ ಮೇ ತಿಂಗಳಲ್ಲಿ ಅಲ್ಲಿನ ಚರ್ಚ್ ಶಾಲೆಯೊಂದರ ಮುಖ್ಯಶಿಕ್ಷಕಿ, ಶಾನ್ ರಾಟಿಗನ್ ಎಂಬ ಪಾದ್ರಿ ಮಕ್ಕಳ ಜೊತೆ ನಡೆದುಕೊಳ್ಳುವ ರೀತಿ ಸರಿಯಿಲ್ಲ ಅಂತ ಉದ್ದದ ಪತ್ರ ಬರೆದು ಧರ್ಮಪ್ರಾಂತ್ಯದ ಕಚೇರಿಗೆ ಕೊಟ್ಟರು. ಬಿಷಪ್ ರಾಬರ್ಟ್ ಫಿನ್ ಅವರಿಗೆ ಅದರ ಸಾರಾಂಶ ಬಾಯಲ್ಲಿ ತಲುಪಿತು. ಆ ಪತ್ರವನ್ನು ತಾನು ಓದಿದ್ದು ಪಾದ್ರಿಯ ಬಂಧನ ಆದಮೇಲೆ ಅಂತ ಅವರೇ ಹೇಳಿಕೊಂಡರು.

ಡಿಸೆಂಬರ್‌ನಲ್ಲಿ ಆ ಪಾದ್ರಿಯ ಲ್ಯಾಪ್‌ಟಾಪ್ ರಿಪೇರಿಗೆ ಹೋದಾಗ, ಅದರಲ್ಲಿ ಪುಟ್ಟ ಹೆಣ್ಣುಮಕ್ಕಳ ನೂರಾರು ಫೋಟೋಗಳು ಸಿಕ್ಕವು. ರಿಪೇರಿ ಮಾಡುವವರು ಚರ್ಚಿನವರಿಗೆ ತಿಳಿಸಿದರು, ವಿಷಯ ಮೇಲಕ್ಕೆ ಹೋಯಿತು. ಮೇಲೆ ಏನಾಯಿತು? ಬಿಷಪ್‌ರ ನಂತರದ ಅಧಿಕಾರಿ ಪರಿಚಯದ ಒಬ್ಬ ಪೊಲೀಸ್ ಅಧಿಕಾರಿಗೆ ಫೋನ್ ಮಾಡಿ, ಒಂದೇ ಒಂದು ಚಿತ್ರದ ಬಗ್ಗೆ, ಯಾರ ಹೆಸರೂ ಹೇಳದೆ, ಅಭಿಪ್ರಾಯ ಕೇಳಿದರು. ಆ ಪೊಲೀಸ್ ಅಧಿಕಾರಿ ಪರಿಶೀಲನಾ ಮಂಡಳಿಯ ಸದಸ್ಯರೂ ಹೌದು. ಆದರೆ ಮಂಡಳಿಗೆ ಪ್ರಕರಣ ಹೋಗಲೇ ಇಲ್ಲ. ಪಾದ್ರಿಯನ್ನು ಮನೋವೈದ್ಯಕೀಯ ಪರೀಕ್ಷೆಗೆ ಕಳಿಸಿ, ಮಕ್ಕಳಿಂದ ದೂರ ಇರು ಅಂತ ಹೇಳಿ ಬೇರೆ ಕಡೆ ಇರಿಸಿದರು. ಆತ ದೂರ ಇರಲಿಲ್ಲ. ಪೊಲೀಸರಿಗೆ ನಿಜವಾಗಿ ವಿಷಯ ಮುಟ್ಟಿದ್ದು 2011ರ ಮೇ ತಿಂಗಳಲ್ಲಿ, ಅಂದರೆ ಐದು ತಿಂಗಳ ನಂತರ. ರಾಟಿಗನ್‌ಗೆ 50 ವರ್ಷ ಜೈಲಾಯಿತು. ಶಂಕಿತ ದೌರ್ಜನ್ಯವನ್ನು ವರದಿ ಮಾಡಲಿಲ್ಲ ಅಂತ ಬಿಷಪ್ ಫಿನ್ 2012ರಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು. ಆದರೂ 2015ರ ಏಪ್ರಿಲ್‌ವರೆಗೆ ಅವರು ಬಿಷಪ್ ಆಗಿಯೇ ಮುಂದುವರಿದರು.

ಈ ಪ್ರಕರಣದಲ್ಲಿ ಕೆಳಗಿನವರೆಲ್ಲ ಸರಿಯಾಗಿಯೇ ಕೆಲಸ ಮಾಡಿದ್ದಾರೆ ಅನ್ನೋದನ್ನು ಗಮನಿಸಿ. ಮುಖ್ಯಶಿಕ್ಷಕಿ ಬರೆದರು, ರಿಪೇರಿಯವರು ಹೇಳಿದರು. ಕಟ್ಟುಕೊಂಡಿದ್ದು ಮೇಲೆ. ಮುಂದೆ ಇನ್ನೆಷ್ಟು ತರಬೇತಿ ಕೊಟ್ಟರೂ ಆ ಕಟ್ಟು ಬಿಡುತ್ತಿರಲಿಲ್ಲ. ಫಿಲಡೆಲ್ಫಿಯಾದಲ್ಲೂ ಇದೇ ರೋಗ. ಆರೋಪ ಹೊತ್ತ ಕನಿಷ್ಠ 37 ಪಾದ್ರಿಗಳು ಇನ್ನೂ ಸೇವೆಯಲ್ಲಿದ್ದಾರೆ ಅಂತ 2011ರಲ್ಲಿ ಗ್ರ್ಯಾಂಡ್ ಜ್ಯೂರಿ ಹೇಳಿದಾಗ, ಇದರಲ್ಲಿ ಹೆಚ್ಚಿನ ಪ್ರಕರಣಗಳನ್ನು ನಮಗೆ ತೋರಿಸಿಯೇ ಇರಲಿಲ್ಲ ಅಂತ ಅಲ್ಲಿನ ಪರಿಶೀಲನಾ ಮಂಡಳಿಯ ಅಧ್ಯಕ್ಷೆಯೇ ಬರೆದರು. ಡಲ್ಲಾಸ್‌ನಲ್ಲಿ ಸನ್ನದಿನ ಪರವಾಗಿ ಮಾಧ್ಯಮದ ಮುಂದೆ ನಿಂತ ಕಾರ್ಡಿನಲ್ ಮೆಕ್ಯಾರಿಕ್, ಸ್ವತಃ ದೌರ್ಜನ್ಯದ ಆರೋಪದಲ್ಲಿ 2019ರಲ್ಲಿ ಪಾದ್ರಿ ಪಟ್ಟವನ್ನೇ ಕಳೆದುಕೊಂಡರು. ಅದೇ ವರ್ಷ ಪೋಪ್ ಫ್ರಾನ್ಸಿಸ್ ಬಿಷಪ್‌ಗಳ ಮೇಲಿನ ದೂರಿಗೂ ನಿಯಮ ತಂದರು. ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಆ ತನಿಖೆ ನಡೆಸೋದು ಆ ಪ್ರದೇಶದ ಆರ್ಚ್‌ಬಿಷಪ್, ಅಂದರೆ ಇನ್ನೊಬ್ಬ ಬಿಷಪ್.

ಇದು ಅಮೆರಿಕದ ಚರ್ಚಿನ ಕತೆ, ನಮಗೇನು ಅನ್ನಬೇಡಿ. ನಮ್ಮ ಪೋಕ್ಸೊ ಕಾಯ್ದೆ 2012ರಲ್ಲೇ ಈ ಜಾಗಕ್ಕೆ ಕೈ ಹಾಕಿದೆ. ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಬಿಷಪ್, ಸ್ವಾಮೀಜಿ, ಪ್ರಿನ್ಸಿಪಾಲ್ ಅಂತ ಅದರಲ್ಲಿ ಭೇದವಿಲ್ಲ. ಆದರೂ ನಾವು ಶಾಲೆ ಹುಡುಕುವಾಗ ಕೇಳೋದು ಸಿಸಿಟಿವಿ ಎಷ್ಟಿದೆ, ಬಸ್ಸಿನಲ್ಲಿ ಆಯಾ ಇದ್ದಾರಾ ಅಂತ. ಆಫೀಸಿನಲ್ಲಿ ವರ್ಷಕ್ಕೊಮ್ಮೆ ತರಬೇತಿಯ ವಿಡಿಯೋ ಓಡಲು ಬಿಟ್ಟು, ಕೊನೆಗೆ ಟಿಕ್ ಹಾಕಿ ಮುಗಿಸುವ ನಮಗೆ ಆ ಮನಸ್ಥಿತಿ ಹೊಸದೇನಲ್ಲ.

ಧರ್ಮಪ್ರಾಂತ್ಯ ಆಗಲಿ, ಮಠ ಆಗಲಿ, ಶಾಲೆ ಆಗಲಿ, ಮಕ್ಕಳ ರಕ್ಷಣೆಗೆ ನೀತಿ ಇದೆ ಅಂತ ಯಾರಾದರೂ ಹೇಳಿದರೆ ನಾನು ಈಗ ಒಂದೇ ಪ್ರಶ್ನೆ ಕೇಳುತ್ತೇನೆ. ಮುಖ್ಯಸ್ಥರಿಗೆ ಗೊತ್ತೇ ಆಗದಂತೆ ಒಂದು ದೂರು ಇಲ್ಲಿಂದ ಪೊಲೀಸ್ ಠಾಣೆಗೆ ಹೋಗೋಕೆ ದಾರಿ ಇದೆಯಾ, ಮತ್ತು ಆ ದಾರಿ ಕೆಳಗಿನ ಟೀಚರಿಗೆ, ಅಡುಗೆಯವರಿಗೆ, ಲ್ಯಾಪ್‌ಟಾಪ್ ರಿಪೇರಿ ಮಾಡುವವರಿಗೆ ಗೊತ್ತಿದೆಯಾ? ಇದಕ್ಕೆ ಉತ್ತರ ತಡವರಿಸಿದರೆ, ಉಳಿದ ಪುಟಗಳನ್ನು ಓದೋ ಅಗತ್ಯ ನನಗೆ ಕಾಣೋದಿಲ್ಲ.