ಮುಚ್ಚಳದ ಕೆಳಗಿನ ಆಟ

ನನ್ನ ಮನೆಗೆ ಮೊದಲ ಸಲ ಬಂದವರಿಗೆಲ್ಲ ಒಂದು ಮ್ಯಾಜಿಕ್ ತೋರಿಸ್ತೀನಿ. ಹಾಲ್‌ನಲ್ಲಿರೋ ಊಟದ ಟೇಬಲ್‌ನ ನಾಲ್ಕು ಹಲಗೆಗಳನ್ನ ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸ್ತೀನಿ. ಕೆಳಗೆ ಮೂರು ಇಂಚು ಆಳದಲ್ಲಿ ಇನ್ನೊಂದು ಟೇಬಲ್. ಕಪ್ಪು ಮ್ಯಾಟು, ಸುತ್ತ ಮೊಣಕೈ ಊರೋದಕ್ಕೆ ಅಗಲವಾದ ಅಂಚು, ಅಂಚಿನಲ್ಲಿ ಕಾರ್ಡ್ ನಿಲ್ಲಿಸೋಕೆ ಸೀಳು, ಮೂಲೆಯಲ್ಲಿ ಲೋಟ ಇಡೋಕೆ ತೂತು. ಬಂದವರು "ವಾವ್" ಅಂತಾರೆ. ಆಮೇಲೆ "ಎಷ್ಟಾಯ್ತು?" ಅಂತಾರೆ. ನಾನು ನಿಜ ಹೇಳಲ್ಲ.

ಇಲ್ಲಿ ಹೇಳ್ತೀನಿ. 68,000 ರೂಪಾಯಿ. ಬೆಂಗಳೂರಿನ ಫರ್ನಿಚರ್ ಅಂಗಡಿಯೊಂದರಲ್ಲಿ ಇದರ ಎರಡರಷ್ಟು ಹೇಳಿದ್ರು, ಹಾಗಾಗಿ ಊರಿನ ಕಡೆ ಮಾಡಿಸಿ ದುಡ್ಡು ಉಳಿಸಿದೆ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ಒಂದೂವರೆ ವರ್ಷ ಇದರ ಮೇಲೆ ಆಡಿ, ಉಂಡು, ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡಿದ ಮೇಲೆ ಇದು ಒಳ್ಳೆಯ ವಸ್ತುವೋ ಅಲ್ಲವೋ ಅಂತ ಬರೆಯೋ ಅರ್ಹತೆ ಬಂದಿದೆ ಅಂದ್ಕೋತೀನಿ. ಫೋನಿಗೆ, ಸಿನಿಮಾಕ್ಕೆ ವಿಮರ್ಶೆ ಬರೀತೀವಿ. ದಿನಾ ಮೊಣಕೈ ಊರೋ ವಸ್ತುವಿಗೆ ಯಾಕೆ ಬರೀಬಾರದು?

ಮೊದಲು, ಇಂಥ ಟೇಬಲ್ ಯಾಕೆ ಬೇಕು ಅನ್ನೋದು. ನಾವು ನಾಲ್ಕು ಜನ ಶನಿವಾರ ರಾತ್ರಿ ಸೇರಿ ಆಡ್ತಿದ್ವಿ. ಕ್ಯಾಟಾನ್‌ನಿಂದ ಶುರುವಾದ ಹುಚ್ಚು ಗ್ಲೂಮ್‌ಹೇವನ್‌ಗೆ ಬಂದು ನಿಂತಿತು. ಗ್ಲೂಮ್‌ಹೇವನ್ 2017ರಲ್ಲಿ ಬಂದ ಆಟ. ಡಬ್ಬಿಯೇ ಸುಮಾರು 10 ಕೆಜಿ, ಒಳಗೆ 95 ಅಧ್ಯಾಯಗಳು. ಒಂದು ಅಧ್ಯಾಯ ಹರಡೋಕೇ ಅರ್ಧ ಗಂಟೆ, ಆಡೋಕೆ ಎರಡು ಮೂರು ಗಂಟೆ. ಹನ್ನೊಂದೂವರೆಗೆ ಯಾರದೋ ಹೆಂಡತಿ ಫೋನ್, ಯಾರಿಗೋ ಅಮೆರಿಕದ ಕಾಲ್. ಆಟ ಅರ್ಧಕ್ಕೆ ನಿಲ್ಲುತ್ತೆ. ಬೆಳಿಗ್ಗೆ ಅದೇ ಟೇಬಲ್ ಮೇಲೆ ದೋಸೆ ತಿನ್ನಬೇಕು. ಫೋಟೋ ತೆಗೆದು ಎತ್ತಿಟ್ಟು, ಮುಂದಿನ ವಾರ ಫೋಟೋ ನೋಡಿಕೊಂಡು ಮತ್ತೆ ಜೋಡಿಸೋದು ಅಂದ್ರೆ ಬ್ಯಾಕಪ್‌ನಿಂದ ಸರ್ವರ್ ರಿಸ್ಟೋರ್ ಮಾಡಿದ ಹಾಗೆ. ಯಾವುದೋ ಒಂದು ಪೀಸ್ ತಪ್ಪೇ ತಪ್ಪುತ್ತೆ.

ಹೊರದೇಶದಲ್ಲಿ ಇದಕ್ಕೆ ಉತ್ತರ ಸಿಕ್ಕಿ ಬಹಳ ಕಾಲವಾಯ್ತು. ಅಮೆರಿಕದ ಗೀಕ್ ಚಿಕ್ ಅನ್ನೋ ಕಂಪನಿ ಇಂಥ ಮುಚ್ಚಳದ ಟೇಬಲ್‌ಗಳನ್ನ ಮಾಡಿ ಹೆಸರಾಗಿತ್ತು, 2017ರಲ್ಲಿ ಬಾಗಿಲು ಹಾಕಿತು. ಆಮೇಲೆ ವರ್ಮ್‌ವುಡ್‌ನವರು ಕಿಕ್‌ಸ್ಟಾರ್ಟರ್‌ನಲ್ಲಿ ಟೇಬಲ್ ತೋರಿಸಿ ಮಿಲಿಯಗಟ್ಟಲೆ ಡಾಲರ್ ಎತ್ತಿದ್ರು. ಐಡಿಯಾ ಒಂದೇ: ಆಟ ಗುಂಡಿಯಲ್ಲಿರಲಿ, ಊಟ ಮುಚ್ಚಳದ ಮೇಲಿರಲಿ. ಅಂದರೆ ಈ ಟೇಬಲ್‌ನಲ್ಲಿ ನೀವು ಕೊಳ್ಳೋದು ಮರವನ್ನಲ್ಲ, ಪಾಸ್ ಬಟನ್‌ನ.

ನಮ್ಮೂರು ಬಿಳಿಕೆರೆ. ಮೈಸೂರಿಂದ ಇಲವಾಲ ದಾಟಿ ಬಂದರೆ ಹಾಸನದ ರಸ್ತೆ ಬಲಕ್ಕೆ ಕವಲಾಗುತ್ತಲ್ಲ, ಅದೇ. ನೇರ ಹೋದ್ರೆ ಹುಣಸೂರು. ಹೊಗೆಸೊಪ್ಪಿನ ಸೀಮೆ, ಜೊತೆಗೆ ಮರದ ಸೀಮೆ ಕೂಡ. ಹುಣಸೂರಿನ ಕಡೆಯ ಆಚಾರಿಯೊಬ್ಬರಿಗೆ ನನ್ನ ಸ್ಕೆಚ್‌ಅಪ್ ಡ್ರಾಯಿಂಗ್ ತೋರಿಸಿದೆ. ಅವರು ಫೋನನ್ನ ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಹಗೇವಿಗೆ ಕಾಲು ಕೊಟ್ಟಂಗದೆ" ಅಂದ್ರು. ತೇಗ ನನ್ನ ಬಜೆಟ್‌ಗೆ ಹತ್ತಲಿಲ್ಲ. ಸಿಲ್ವರ್ ಓಕ್ ಚೌಕಟ್ಟು, ತಳಕ್ಕೆ ಪ್ಲೈವುಡ್ ಅಂತ ತೀರ್ಮಾನವಾಯ್ತು.

ಆಚಾರಿ ಹೇಳಿದ ಎರಡು ಮಾತನ್ನ ನಾನು ಕೇಳಬೇಕಿತ್ತು. ಒಂದು, ಅಗಲ ಜಾಸ್ತಿಯಾಯ್ತು ಅಂದಿದ್ದು. ನಾನು ನಾಲ್ಕೂವರೆ ಅಡಿ ಅಗಲವೇ ಬೇಕು ಅಂತ ಹಟ ಹಿಡಿದೆ. ಕೂತ ಮನುಷ್ಯನ ಕೈ ಅಂಚನ್ನ ದಾಟಿ, ಮೂರು ಇಂಚು ಕೆಳಗಿಳಿದು, ಎರಡೂಕಾಲು ಅಡಿ ಆಚೆಗಿರೋ ನಡುಮಧ್ಯ ತಲುಪಬೇಕು. ಆರಡಿಯವನಿಗೆ ಸರಿ. ನಮ್ಮ ಗುಂಪಿನ ಕುಳ್ಳನೊಬ್ಬ ಪ್ರತಿ ಸರದಿಗೂ ಎದ್ದು ನಿಲ್ಲಬೇಕು. ಎರಡನೆಯದು ಹಲಗೆಗಳ ನಡುವಿನ ಸಂದು. "ಮಳೆಗಾಲಕ್ಕೆ ಮರ ಉಬ್ತದೆ, ಜಾಗ ಬುಡಿ" ಅಂದಿದ್ರು. ನನಗೆ ಸಂದು ಕಾಣದ ಹಾಗೆ ನುಣ್ಣಗೆ ಬೇಕಿತ್ತು. ಜುಲೈನಲ್ಲಿ ನಾಲ್ಕೂ ಹಲಗೆ ಉಬ್ಬಿ ಕಚ್ಚಿಕೊಂಡವು. ಆಟ ಕೆಳಗೆ, ನಾವು ಮೇಲೆ. ಎರಡು ವಾರ ಕೀಲೇ ಬಿಡಲಿಲ್ಲ. ಕೊನೆಗೆ ಅವರೇ ಬಂದು ಅಂಚು ಕೆತ್ತಿ ಸಡಿಲ ಮಾಡಿದ್ರು. ಬೇಸಿಗೆಯಲ್ಲಿ ಆ ಸಂದಿನಿಂದ ಒಂದು ಸೌಟು ಸಾಂಬಾರ್ ಇಳಿದು ಗ್ಲೂಮ್‌ಹೇವನ್‌ನ ಒಂದು ಕತ್ತಲೆ ಕೋಣೆಗೆ ಸೇರಿತು. ಆ ನಕ್ಷೆಯ ತುಂಡು ಇವತ್ತಿಗೂ ಇಂಗಿನ ವಾಸನೆ ಹೊಡೀತದೆ.

ಇವೆಲ್ಲ ಸರಿಪಡಿಸಬಹುದಾದ ಬಗ್‌ಗಳು. ಲೋಟದ ತೂತು ಮಾತ್ರ ಶುದ್ಧ ದಂಡ. ನಮ್ಮ ಸ್ಟೀಲ್ ಲೋಟಕ್ಕೆ ಅದು ದೊಡ್ಡದು, ಕಾಫಿ ಮಗ್‌ನ ಹಿಡಿಗೆ ಚಿಕ್ಕದು. ಅದು ಯಾವುದೋ ದೇಶದ ಬಿಯರ್ ಕ್ಯಾನ್‌ನ ಅಳತೆ, ನಾನು ಕಣ್ಣುಮುಚ್ಚಿ ಕಾಪಿ ಹೊಡೆದಿದ್ದೆ.

ಒಳ್ಳೆಯದನ್ನೂ ಹೇಳಬೇಕು. ಮೊದಲ ನಾಲ್ಕು ತಿಂಗಳು ಈ ಟೇಬಲ್ ನಮಗೆ ಏನು ಮಾಡಿತು ಅಂದ್ರೆ, ಆಟವನ್ನ ಕ್ಯಾಲೆಂಡರ್‌ನಿಂದ ಬಿಡಿಸಿತು. ಬುಧವಾರ ರಾತ್ರಿ ಮುಕ್ಕಾಲು ಗಂಟೆ ಸಿಕ್ಕಿದ್ರೂ ಮುಚ್ಚಳ ಎತ್ತಿ ಎರಡು ಸುತ್ತು ಆಡಿ ಮುಚ್ಚಿಬಿಡ್ತಿದ್ವಿ. ನಾನು ಊಟ ಮಾಡ್ತಿರುವಾಗ ತಟ್ಟೆಯ ಕೆಳಗೆ ನಾಲ್ಕು ಇಂಚಿನಲ್ಲಿ ನಮ್ಮ ನಾಲ್ವರ ಗೊಂಬೆಗಳು ನಿಂತಲ್ಲೇ ನಿಂತು ಕಾಯ್ತಿವೆ ಅನ್ನೋದೇ ಒಂದು ಖುಷಿ. ಆ ಖುಷಿಗೆ 68,000 ಜಾಸ್ತಿ ಅಂತ ಆಗ ಅನಿಸಲಿಲ್ಲ.

ಆ ನಡುವೆ ಊರಿಂದ ಅವ್ವ ಬಂದಳು, ಮಂಡಿ ನೋವಿಗೆ ತೋರಿಸೋಕೆ. ನಾನು ಮ್ಯಾಜಿಕ್ ತೋರಿಸಿದೆ. ಬಗ್ಗಿ ಗುಂಡಿ ನೋಡಿ, "ಇದೇನ್ಲಾ, ಹೆಣ ಮಲಗ್ಸೋ ಪೆಟ್ಗೆ ಇದ್ದಂಗದೆ" ಅಂದಳು. ಆಮೇಲೆ "ಚೌಕಾಬಾರ ಆಡಕ್ಕಾಯ್ತದಾ?" ಅಂದಳು.

ಅವ್ವ ಚೌಕಾಬಾರದಲ್ಲಿ ನಿಸ್ಸೀಮಳು. ಐದು ಬೈ ಐದು ಮನೆ, ನಾಲ್ಕು ಜನ, ತಲಾ ನಾಲ್ಕು ಕಾಯಿ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕೂ ಬೋರಲು ಬಿದ್ರೆ ಬಾರ, ಅಂದರೆ ಎಂಟು. ಎದುರಾಳಿಯ ಒಂದು ಕಾಯನ್ನಾದ್ರೂ ಕಡಿಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ, ಇದು ನಮ್ಮನೆ ರೂಲು. ಕವಡೆ ಇಲ್ಲದಿದ್ರೆ ಹುಣಸೆ ಬೀಜವನ್ನ ಕಲ್ಲಿಗೆ ಉಜ್ಜಿ ಒಂದು ಕಡೆ ಬೆಳ್ಳಗೆ ಮಾಡೋದು. ಕಾಯಿಗೆ ಒಡೆದ ಬಳೆಚೂರು. ಇಡೀ ಆಟದ ಬೆಲೆ ಸೊನ್ನೆ ರೂಪಾಯಿ, ಹರಡೋ ಸಮಯ ಒಂದು ನಿಮಿಷ, ಎತ್ತಿಡೋಕೆ ಒಂದು ಪೊರಕೆ.

ಇಲ್ಲಿ ನಾನು "ಅಯ್ಯೋ ನಮ್ಮ ಹಳ್ಳಿ ಕಟ್ಟೆ" ಅಂತ ಕಣ್ಣೀರು ಹಾಕಬಹುದಿತ್ತು. ಹಾಕಲ್ಲ. ನಮ್ಮ ಕಡೆ ಅರಳಿಕಟ್ಟೆಯ ಚಪ್ಪಡಿಯಲ್ಲಿ ಆಡು-ಹುಲಿ ಮನೆ ಕೊರೆದಿರುತ್ತೆ. ಕಲ್ಲಲ್ಲಿ ಕೊರೆದದ್ದು ಎಲ್ಲರದ್ದೂ ಅಂತ ಬೆಂಗಳೂರಿಗೆ ಬಂದ ಮೇಲೆ ನಾವು ಹೇಳ್ಕೋತೀವಿ. ನಾನು ಹುಡುಗನಾಗಿ ನೋಡಿದ ಕಟ್ಟೆಯ ಮೇಲೆ ಹೆಂಗಸರು ಒಂದು ದಿನವೂ ಕೂತು ಆಡಿದ್ದಿಲ್ಲ. ಕೇರಿಯವರು ಕಟ್ಟೆಯ ಕೆಳಗೆ ನಿಂತು ನೋಡ್ತಿದ್ರು. ಅವರು ನಿಂತೇ ಇರ್ತಿದ್ರು ಅನ್ನೋದು ನನ್ನ ತಲೆಗೆ ಹೊಕ್ಕಿದ್ದು ಬಿಇ ಮುಗಿಸಿದ ಮೇಲೆ. ಅವ್ವ ಆಡಿದ್ದೆಲ್ಲ ಹಿತ್ತಿಲ ಜಗಲಿಯಲ್ಲಿ, ಸೊಪ್ಪು ಪೋಣಿಸಿ ಮುಗಿದ ಮೇಲೆ, ಕತ್ತಲಾಗೋ ಮುಂಚಿನ ಅರ್ಧ ಗಂಟೆ. ಆ ಅರ್ಧ ಗಂಟೆಗೆ ಯಾರು ಇರ್ತಿದ್ರೋ ಅವರೇ ಆಟಗಾರರು. ಒಬ್ಬಳನ್ನ ಮನೆಯಿಂದ ಕೂಗಿದ್ರೆ ಅವಳ ಕಾಯಿಗೆ ಇನ್ನೊಬ್ಬಳು ಕೂರ್ತಿದ್ದಳು. ಆಟ ನಿಲ್ಲುತ್ತಿರಲಿಲ್ಲ, ಜನ ಬದಲಾಗ್ತಿದ್ರು.

ಈಗ ಅವ್ವನಿಗೆ ನೆಲದ ಮೇಲೆ ಕೂರೋಕೆ ಆಗಲ್ಲ. ಟೇಬಲ್ ಇದಕ್ಕಾದ್ರೂ ಉಪಯೋಗವಾಯ್ತಲ್ಲ ಅಂತ ಗುಂಡಿಯಲ್ಲಿ ಚೌಕಾಬಾರದ ಬಟ್ಟೆ ಹಾಸಿದೆ. ಆಗಲಿಲ್ಲ. ಅವಳ ಕೈಗೆ ಮಧ್ಯ ಎಟುಕಲ್ಲ. ಇನ್ನೂ ಮುಖ್ಯವಾಗಿ, ಕವಡೆ ಆ ರಬ್ಬರ್ ಮ್ಯಾಟಿನ ಮೇಲೆ ಬಿದ್ರೆ ಸದ್ದೇ ಇಲ್ಲ, ಉರುಳೋದೂ ಇಲ್ಲ, ಬಿದ್ದಲ್ಲೇ ತೆಪ್ಪಗೆ ಕೂರುತ್ತೆ. "ಸಗಣಿ ಮೇಲೆ ಹಾಕ್ದಂಗೆ" ಅಂದು ಎದ್ದುಹೋದಳು. ಸದ್ದು ಕಡಿಮೆಯಾಗಲಿ ಅಂತಲೇ ನಾನು ಹೆಚ್ಚು ದುಡ್ಡು ಕೊಟ್ಟು ತರಿಸಿದ್ದ ಮ್ಯಾಟ್ ಅದು.

ಅವಳನ್ನ ಊರಿಗೆ ಬಿಡೋಕೆ ಹೋದಾಗ ಮೈಸೂರಿನ ಜಗನ್ಮೋಹನ ಅರಮನೆಗೆ ಒಬ್ಬನೇ ಹೋದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. ಮೇಲಂತಸ್ತಿನ ರಂಗಮಹಲಿನ ಗೋಡೆಗಳ ಮೇಲೆ ಅವರು ರೂಪಿಸಿದ ಆಟಗಳ ಹಾಸುಗಳನ್ನೇ ಚಿತ್ರವಾಗಿ ಬರೆಸಿದ್ದಾರೆ. ಬ್ರಿಟಿಷರು 1831ರಲ್ಲಿ ಅವರ ಕೈಯಿಂದ ಆಡಳಿತ ಕಿತ್ತುಕೊಂಡ್ರು. 1868ರಲ್ಲಿ ತೀರಿಕೊಳ್ಳೋವರೆಗೂ ಅವರು ಅಧಿಕಾರವಿಲ್ಲದ ರಾಜ. ಶ್ರೀತತ್ವನಿಧಿಯ ಕೊನೆಯ ಭಾಗ ಕೌತುಕನಿಧಿಯಲ್ಲಿ ಆಟಗಳನ್ನ ದಾಖಲಿಸಿದ್ರು, 360 ಎಲೆಗಳ ಗಂಜೀಫಾವನ್ನೂ ರೂಪಿಸಿದ್ರು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡನೇ ಸಲ ತುಳಿಯದೆ 64 ಮನೆ ಸುತ್ತೋ ದಾರಿ ಕಂಡುಹಿಡಿದ್ರು, ಅದೂ ಅಂಕೆ ಬರೆದ್ರೆ ಸಾಲು ಸಾಲಿನ ಮೊತ್ತ ಒಂದೇ ಬರೋ ಹಾಗೆ. ನಾವು ಲ್ಯಾಬ್‌ನಲ್ಲಿ ಎನ್-ಕ್ವೀನ್ಸ್ ಪ್ರೋಗ್ರಾಮನ್ನೇ ಪಕ್ಕದವನಿಂದ ಕಾಪಿ ಮಾಡಿದವರು.

ಆ ಗೋಡೆ ನೋಡ್ತಾ ನನಗೆ ಹೊಟ್ಟೆಕಿಚ್ಚಾಯ್ತು. ಅವರ ಕುಶಲತೆಗಲ್ಲ. 360 ಎಲೆ ಹಂಚಿ ಆಡೋಕೆ ಅವರಿಗೆ ಇದ್ದ ಮಧ್ಯಾಹ್ನಗಳಿಗೆ. ರಾಜ್ಯ ಕಳೆದುಕೊಂಡು ಪಡೆದ ಮಧ್ಯಾಹ್ನಗಳು ಅನ್ನೋದು ಬೇರೆ ಮಾತು. ಮೃಗಾಲಯದ ಎದುರಿನ ಪ್ರತಿಮಾ ಗ್ಯಾಲರಿಯಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು 2007ರಿಂದ 'ಕ್ರೀಡಾ ಕೌಶಲ್ಯ' ಅನ್ನೋ ಪ್ರದರ್ಶನ ನಡೆಸ್ತಾ ಬಂದಿದ್ದಾರೆ. ಪಗಡೆ, ಚೌಕಾಬಾರ, ಅಳಗುಳಿ ಮಣೆಗಳನ್ನ ಬೇರೆ ಬೇರೆ ಕಸುಬಿನವರ ಕೈಲಿ ಮಾಡಿಸಿ ಇಡ್ತಾರೆ. ಅಲ್ಲಿನ ಮರದ ಕೆಲಸದ ಮುಂದೆ ನನ್ನ ಟೇಬಲ್ ಪ್ಯಾಕಿಂಗ್ ಕೇಸ್. ಆದರೆ ಗಮನಿಸಿ, ಅವುಗಳಲ್ಲಿ ಬಹುಪಾಲು ಮಡಿಸಿ, ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೋಗೋ ಅಂಥವು. ಆಟ ಜನ ಇದ್ದ ಕಡೆಗೆ ಹೋಗುತ್ತೆ. ನನ್ನದು ಉಲ್ಟಾ. ಆರಡಿ ಉದ್ದದ ಭಾರ ಒಂದು ಕಡೆ ಕೂತು, ಜನ ನನ್ನ ಹತ್ತಿರ ಬರಲಿ ಅಂತ ಕಾಯುತ್ತೆ.

ಬರಲಿಲ್ಲ. ಐದನೇ ತಿಂಗಳಿಗೆ ನಾಲ್ವರಲ್ಲಿ ಒಬ್ಬನ ಕೆಲಸ ಹೋಯ್ತು. ಮೊದಲೆರಡು ವಾರ ಬಂದ, ಆಮೇಲೆ "ಇಂಟರ್‌ವ್ಯೂ ಪ್ರಿಪರೇಷನ್ ಮಗಾ" ಅಂದ, ಆಮೇಲೆ ಊರಿಗೆ ಹೋದ. ಇನ್ನೊಬ್ಬ ಟೊರೊಂಟೊಗೆ. ಕುಳ್ಳನಿಗೆ ಮಗು ಹುಟ್ಟಿತು. ನಾವು ಆಡ್ತಿದ್ದ ಅಧ್ಯಾಯ ಆರನೇ ಸುತ್ತಿನಲ್ಲಿತ್ತು, ಬಾಗಿಲು ಈಗಷ್ಟೇ ತೆರೆದಿತ್ತು. ಯಾರೂ "ಆಟ ಮುಗೀತು" ಅನ್ನಲಿಲ್ಲ. ಮಾಮೂಲಿ ಟೇಬಲ್ ಆಗಿದ್ರೆ ಒಂದು ಭಾನುವಾರ ಡಬ್ಬಿಗೆ ತುಂಬಿ, ಒಂದು ನಿಟ್ಟುಸಿರು ಬಿಟ್ಟು ಮುಗಿಸ್ತಿದ್ದೆ. ಈ ಟೇಬಲ್ ಅದಕ್ಕೆ ಬಿಡಲಿಲ್ಲ. ಮುಚ್ಚಳ ಇರೋದ್ರಿಂದ ತೆಗೆಯೋ ಅಗತ್ಯವೇ ಬೀಳಲ್ಲ. ಇದೇ ಇದರ ಗುಣ ಅಂತ ಕೊಂಡಿದ್ದೆ, ಇದೇ ಇದರ ದೋಷ. ಇದು ಕಾಯಿಗಳನ್ನ ನಿಂತಲ್ಲೇ ನಿಲ್ಲಿಸುತ್ತೆ, ಆಡೋರನ್ನಲ್ಲ. ಅವರ ಕಾಯಿಗೆ ಬೇರೆಯವರನ್ನ ಕೂರಿಸೋಣ ಅಂದ್ರೆ ಆರು ತಿಂಗಳ ಕಥೆ ಗೊತ್ತಿರಬೇಕು, 50 ಪುಟದ ರೂಲ್‌ಬುಕ್ ಓದಿರಬೇಕು.

ಮಂಡಿ ಆಪರೇಷನ್‌ಗೆ ಅಂತ ಅವ್ವ ಮತ್ತೆ ಬಂದು ಎರಡು ತಿಂಗಳಾಯ್ತು. ಒಂದು ಸಂಜೆ ಆಫೀಸಿಂದ ಬಂದಾಗ ಟೇಬಲ್ ಮುಚ್ಚಳದ ಮೇಲೆ, ಪಾಲಿಶ್ ಮಾಡಿಸಿದ ಸಿಲ್ವರ್ ಓಕ್ ಮೇಲೆ, ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ. ಮಧ್ಯದಲ್ಲಲ್ಲ, ಕೈಗೆಟುಕೋ ಹಾಗೆ ಒಂದು ಮೂಲೆಗೆ. ಅಡುಗೆಗೆ ಬರೋ ಅಕ್ಕ, ಮೂರನೇ ಮಹಡಿಯ ಬಿಹಾರದ ಅಜ್ಜಿ, ಸೆಕ್ಯೂರಿಟಿಯವರ ಮಗಳು. ಅಜ್ಜಿಗೆ ಕನ್ನಡ ಬರಲ್ಲ, ಆದ್ರೆ ಅವ್ವನ ಎರಡು ಕಾಯಿ ಕಡಿದು ಕೂತಿದ್ದರು. ಕವಡೆ ಮರದ ಮೇಲೆ ಬಿದ್ದು, ಕೆಳಗಿನ ಗುಂಡಿ ಟೊಳ್ಳಾಗಿರೋದ್ರಿಂದ, ತಮಟೆ ಬಡಿದ ಹಾಗೆ ಸದ್ದು. ಇಷ್ಟು ಒಳ್ಳೆ ಸದ್ದು ಬರುತ್ತೆ ಅಂತ ಆಚಾರಿಗೂ ಗೊತ್ತಿರಲಿಲ್ಲ ಅನ್ಸುತ್ತೆ.

ಮೊನ್ನೆ ಟೊರೊಂಟೊದವನು ವಿಡಿಯೋ ಕಾಲ್ ಮಾಡಿದ್ದ. ಅದೂ ಇದೂ ಮಾತಾಡಿ ಕೊನೆಗೆ, "ಮಗಾ, ನನ್ನ ಗೊಂಬೆ ಇನ್ನೂ ಬಾಗಿಲ ಹತ್ರಾನೇ ಇದ್ಯಾ?" ಅಂದ. ಇದೆ ಅಂದೆ. ತೋರಿಸು ಅಂದ. ಫೋನ್ ಹಿಡ್ಕೊಂಡು ಹಾಲ್‌ಗೆ ಹೋಗಿ ಹಲಗೆಗೆ ಕೈ ಹಾಕಿದೆ. ಅವ್ವ ಕವಡೆ ಕುಲುಕ್ತಾ, ತಲೆ ಎತ್ತದೆ ಅಂದಳು: "ತಡೀಲಾ, ನಂದಿನ್ನೂ ಎರಡು ಕಾಯಿ ಹಣ್ಣಾಗ್ಬೇಕು."